ಹುಲಿಗೆಮ್ಮನ ಎರಡು ಹೇಳಿಕೆ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಫೋನು ಬಡಿದುಕೊಂಡರೆ ಸಾಕು, ಹುಲಿಗೆಮ್ಮನ ಎದೆ ಧಸಕ್ಕೆನ್ನುತ್ತಿತ್ತು. ಆ ಹೊತ್ತಿನಲ್ಲಿ ಅವಳಿಗೆ ಫೋನು ಮಾಡುವವರು ಒಬ್ಬರೇ, ಶಾಲೆಯ ಗುರುಮೂರ್ತಿ ಮೇಷ್ಟ್ರು. ಅವರು ಹೇಳುವ ಮಾತೂ ಒಂದೇ.

"ಹುಲಿಗೆಮ್ಮ, ಇವತ್ತು ಮೀಟಿಂಗ್ ಇದೆ ಕಣಮ್ಮ. ಬಾಗ್ಲು ತೆಗ್ದು ಹುಡುಗ್ರನ್ನ ಕೂರಿಸ್ಕೋ. ಯಾರಾದ್ರೂ ಕೇಳಿದ್ರೆ ಕಡೂರಿಗೆ ಹೋಗಿದಾರೆ ಅಂತ ಹೇಳು."

"ಆಯ್ತು ಸಾ."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅವಳ ಕೆಲಸ ಮಕ್ಕಳಿಗೆ ಬಿಸಿಯೂಟ ಬೇಯಿಸುವುದು. ಆದರೆ ಮೇಷ್ಟ್ರು ಬಾರದ ದಿನ ಹತ್ತೊಂಬತ್ತು ಮಕ್ಕಳ ಜೀವವೂ ಅವಳ ತಲೆಯ ಮೇಲೇ ಬೀಳುತ್ತಿತ್ತು. ಅಂಥ ದಿನ ಹೋದ ವರ್ಷ ವಾರಕ್ಕೊಂದು ಇದ್ದದ್ದು ಈ ವರ್ಷ ಎರಡಾಗಿ, ದೀಪಾವಳಿ ಕಳೆದ ಮೇಲೆ ಮೂರೂ ಆಗತೊಡಗಿತ್ತು.

ಸೂಜಿಕಲ್ಲುಹಟ್ಟಿ ಪಂಚನಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿನ ಊರು. ಅರವತ್ತು ಮನೆ, ಬೋರ್‌ವೆಲ್ ನೀರಿನ ತೆಂಗು, ಮಳೆ ನಂಬಿದ ರಾಗಿ. ಊರ ಬೆನ್ನಿಗೆ ಬಂಡೆಗಳ ಗುಡ್ಡ. ಗುಡ್ಡದ ನೆತ್ತಿಯಲ್ಲಿ ನೆಟ್ಟಗೆ ನಿಂತ ಕಲ್ಲಿನಿಂದಲೇ ಊರಿಗೆ ಆ ಹೆಸರು. ಶಾಲೆ ಊರಿನ ಕೊನೆಗೆ, ಗುಡ್ಡದ ಕಡೆಗೆ ಇತ್ತು. ಒಂದರಿಂದ ಐದನೇ ತರಗತಿ. ಮೊದಲು ಇಬ್ಬರು ಶಿಕ್ಷಕರಿದ್ದರು. ಮೇಡಂ ವರ್ಗವಾಗಿ ಹೋದ ಮೇಲೆ ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಉಳಿದವರು ಗುರುಮೂರ್ತಿ ಒಬ್ಬರೇ. ಬೀರೂರಿನಿಂದ ಬೈಕಿನಲ್ಲಿ ಬರುತ್ತಿದ್ದರು.

ಹುಲಿಗೆಮ್ಮನಿಗೆ ಐವತ್ತೆರಡು ವರ್ಷ. ಹುಟ್ಟಿದ್ದು ಬುಕ್ಕಾಂಬುಧಿಯ ಹತ್ತಿರ. ಅಪ್ಪ ಕೆರೆಯ ಹಿಂದೆ ಕುರಿ ಮೇಯಿಸಿಕೊಂಡಿದ್ದವನು. ಅವಳು ಎರಡನೇ ತರಗತಿಯಲ್ಲಿದ್ದಾಗ ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಜನ ಬೇಕಾಯಿತು, ಶಾಲೆ ಬಿಡಿಸಿದರು. ಅದೇ ವರ್ಷ ಅವಳ ಅಪ್ಪ ಯಾರೋ ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಅದರಲ್ಲಿ ಏನಿದೆಯೆಂದು ಯಾರೂ ಓದಿ ಹೇಳಲಿಲ್ಲ, ಅವನೂ ಕೇಳಲಿಲ್ಲ. ಕೆರೆಯ ಕೆಳಗಿನ ಅರ್ಧ ಎಕರೆ ಚಿಕ್ಕಪ್ಪನ ಖಾತೆಗೆ ಹೋಯಿತು. ಆಮೇಲೆ ಅಪ್ಪ ಜಗುಲಿಯ ಮೇಲೆ ಕೂತು ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದುದನ್ನು ಅವಳು ಕಂಡಿದ್ದಳು. ಅಂದಿನಿಂದ ಪೆನ್ನು ಹಿಡಿದವರನ್ನು ಕಂಡರೆ ಅವಳಿಗೆ ನಾಲಗೆ ಏಳುತ್ತಿರಲಿಲ್ಲ. ಹದಿನೇಳಕ್ಕೆ ಸಣ್ಣಬೀರಪ್ಪನನ್ನು ಮದುವೆಯಾಗಿ ಈ ಊರಿಗೆ ಬಂದಳು. ಇದ್ದೊಬ್ಬ ಮಗಳನ್ನು ತರೀಕೆರೆ ಕಡೆ ಕೊಟ್ಟಾಗಿತ್ತು. ಹದಿನಾಲ್ಕು ವರ್ಷದಿಂದ ಶಾಲೆಯ ಅಡುಗೆ ಅವಳದೇ. ತನ್ನ ಹೆಸರಿನ ನಾಲ್ಕು ಅಕ್ಷರ ಬರೆಯುವುದನ್ನು ಅಲ್ಲಿಯ ಮಕ್ಕಳಿಂದಲೇ ಕಲಿತಿದ್ದಳು.

ಮೇಷ್ಟ್ರು ಕೆಟ್ಟವರೆಂದು ಅವಳೆಂದೂ ಅಂದುಕೊಂಡವಳಲ್ಲ. ಬಂದ ದಿನ ಚೆನ್ನಾಗಿಯೇ ಪಾಠ ಮಾಡುತ್ತಿದ್ದರು. ಮಕ್ಕಳ ಸಾಲಿನಲ್ಲೇ ಕೂತು ಊಟ ಮಾಡಿ, "ಸಾಂಬಾರು ಚೆನ್ನಾಗಿತ್ತು ಕಣಮ್ಮ" ಎನ್ನುತ್ತಿದ್ದರು. ಆದರೆ ಬರುತ್ತಿರಲಿಲ್ಲ. ಅಕ್ಕಪಕ್ಕದ ಮನೆಯವರು ಕೇಳಿದಾಗಲೆಲ್ಲ ಅವಳು "ಮೀಟಿಂಗು" ಎನ್ನುತ್ತಿದ್ದಳು, "ಟ್ರೈನಿಂಗು" ಎನ್ನುತ್ತಿದ್ದಳು, ಮತ್ತೊಂದು ದಿನ "ಸರ್ವೆ ಕೆಲ್ಸವಂತೆ" ಎನ್ನುತ್ತಿದ್ದಳು. ಅದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಅವಳಿಗೂ ತಿಳಿಯದು. ಮಕ್ಕಳಿಗೆ ಏನಾದರೂ ಆದ ದಿನ ಜನ ಮೊದಲು ಹಿಡಿಯುವುದು ತನ್ನನ್ನೇ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು.

ಆ ಡಿಸೆಂಬರಿನಲ್ಲಿ ಭಯಕ್ಕೆ ಇನ್ನೊಂದು ಕಾರಣ ಹುಟ್ಟಿಕೊಂಡಿತು. ಗುಡ್ಡಕ್ಕೆ ಚಿರತೆ ಬಂದಿತ್ತು. ಮೊದಲು ಶಾಲೆಯ ಹಿಂದಿನ ಹೊಲದ ಹಾಲೇಶನ ನಾಯಿ ಹೋಯಿತು. ನಾಲ್ಕು ದಿನಕ್ಕೆ ಸಣ್ಣಬೀರಪ್ಪನ ಮಂದೆಯಿಂದ ಒಂದು ಕುರಿ. ಅರಣ್ಯ ಇಲಾಖೆಯವರು ಬಂದು ಹೆಜ್ಜೆ ಗುರುತಿನ ಫೋಟೋ ತೆಗೆದುಕೊಂಡರು. ಬೋನು ಬೇರೆ ಊರಿನಲ್ಲಿದೆ, ಬಿಡುವಾದ ಕೂಡಲೇ ತರುತ್ತೇವೆ, ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ ಎಂದು ಹೇಳಿಹೋದರು.

ಮಂಗಳವಾರ ಒಂಬತ್ತು ಗಂಟೆಗೆ ಫೋನು ಬಂತು. ಹಿಂದಿನ ದಿನವೂ ಬಂದಿತ್ತು.

"ಸಾ, ಚಿರತೆ ಬೇರೆ ಓಡಾಡ್ತೈತೆ. ನಂಗೊಬ್ಳಿಗೆ ಭಯ ಆಯ್ತದೆ" ಎಂದಳು.

"ಹಗಲು ಹೊತ್ತು ಏನೂ ಬರಲ್ಲ ಕಣಮ್ಮ. ಒಳಗೇ ಕೂರಿಸ್ಕೋ. ನಾಳೆ ಬತ್ತೀನಿ."

ಅವಳು ಮಕ್ಕಳನ್ನು ಕೋಣೆಯೊಳಗೆ ಕೂರಿಸಿದಳು. ಹಾಲೇಶನ ಮಗಳು ಕೃತಿಕಾ ಐದನೇ ತರಗತಿ, ಎಲ್ಲರಿಗಿಂತ ದೊಡ್ಡವಳು. ಅವಳ ಕೈಗೆ ಪುಸ್ತಕ ಕೊಟ್ಟು, "ನೀನು ಓದವ್ವ, ಇವ್ರು ಹೇಳ್ಲಿ. ಯಾರೂ ಹೊರಗೆ ಹೋಗ್ಕೂಡ್ದು" ಎಂದು ಹೇಳಿ ಪಕ್ಕದ ಅಡುಗೆ ಕೋಣೆಗೆ ಹೋದಳು. ಹಾಲು ಕಾಯಿಸಿ ಕೊಟ್ಟದ್ದಾಯಿತು. ಬೇಳೆಗೆ ನೀರಿಟ್ಟು ಅವರೆಕಾಳು ಬಿಡಿಸುತ್ತ ಕೂತಳು. ಕಿವಿ ಮಾತ್ರ ಮಕ್ಕಳ ಗಲಾಟೆಯ ಕಡೆಗೇ ಇತ್ತು.

ಹನ್ನೊಂದೂವರೆಯ ಸುಮಾರಿಗೆ ಶಾಲೆಯ ಹಿಂದಿನ ಹುಣಸೆಮರದಲ್ಲಿ ಕರಿಮೋರೆಯ ಮುಸಿಯ ಕೋತಿಗಳು ಕೂಗಿಕೊಂಡವು. ಅದು ಅವು ಜಗಳವಾಡುವ ದನಿಯಲ್ಲ. ಖಕ್, ಖಕ್ ಎಂದು ಕೆಮ್ಮಿದ ಹಾಗೆ, ಒಂದೇ ಸಮ. ಸಣ್ಣಬೀರಪ್ಪ ಎಷ್ಟೋ ಸಲ ಹೇಳಿದ್ದ, ಮುಸಿಯ ಹಾಗೆ ಕೂಗುವುದು ಚಿರತೆಯನ್ನು ಕಂಡಾಗ ಮಾತ್ರ ಎಂದು. ಅವಳ ಕೈಯಲ್ಲಿದ್ದ ಅವರೆಕಾಯಿ ಜಾರಿತು. ಗ್ಯಾಸ್ ಆರಿಸಿ ತರಗತಿಗೆ ಓಡಿದಳು.

ತಲೆ ಮುಟ್ಟಿ ಮುಟ್ಟಿ ಎಣಿಸಿದಳು. ಹದಿನೆಂಟು. ಮತ್ತೆ ಎಣಿಸಿದಳು. ಹದಿನೆಂಟೇ.

"ಯಾರ್ ಇಲ್ಲ?"

ಮಕ್ಕಳು ಮುಖ ಮುಖ ನೋಡಿಕೊಂಡವು. ಕೃತಿಕಾ ಅಳುವ ದನಿಯಲ್ಲಿ, "ಭುವನಾ ಒಂದಕ್ಕೆ ಅಂತ ಹಿಂದುಕ್ ಹೋದ್ಲು ಅಜ್ಜಿ. ಬ್ಯಾಡ ಅಂದೆ, ತಡ್ಕಳಾಕಾಗಲ್ಲ ಅಂದ್ಲು" ಎಂದಳು.

ಶೌಚಾಲಯದ ನೀರಿನ ಮೋಟಾರು ಸುಟ್ಟು ನಾಲ್ಕು ತಿಂಗಳಾಗಿತ್ತು. ಮಕ್ಕಳೆಲ್ಲ ಹಿಂದಿನ ಬೇಲಿಯ ಕಡೆಗೇ ಹೋಗುತ್ತಿದ್ದರು. ಭುವನಾ ಎರಡನೇ ತರಗತಿಯ ಕೂಸು, ಲಗೇಜ್ ಆಟೋ ಓಡಿಸುವ ಕನಕರಾಜುವಿನ ಮಗಳು.

ಹುಲಿಗೆಮ್ಮ ಬಾಗಿಲಲ್ಲಿ ನಿಂತುಬಿಟ್ಟಳು. ಒಂದು ಮಗುವಿಗಾಗಿ ಹೊರಗೆ ಹೋದರೆ ಹದಿನೆಂಟನ್ನು ಬಿಟ್ಟು ಹೋದಂತಾಯಿತು. ಹೋಗದಿದ್ದರೆ ಅದೊಂದು ಅಲ್ಲಿ ಒಂಟಿ. ಇನ್ನೊಬ್ಬರು ಇದ್ದಿದ್ದರೆ, ಒಬ್ಬರೇ ಒಬ್ಬರು ದೊಡ್ಡವರು ಇದ್ದಿದ್ದರೆ ಎಂದು ಮನಸ್ಸು ಒದ್ದಾಡಿತು. ಕೊನೆಗೆ ಬಾಗಿಲೆಳೆದು ಹೊರಗಿನಿಂದ ಬೀಗ ಹಾಕಿದಳು. ಹಾಕುವಾಗಲೇ, ತಾನು ತಿರುಗಿ ಬಾರದಿದ್ದರೆ ಈ ಬೀಗ ತೆಗೆಯುವವರು ಯಾರು ಎಂಬ ಯೋಚನೆ ಬಂತು. ಒಳಗೆ ಸಣ್ಣವು ಅಳತೊಡಗಿದವು. ಅಡುಗೆ ಕೋಣೆಯಿಂದ ಕಬ್ಬಿಣದ ಸೌಟು, ಒಂದು ಸ್ಟೀಲ್ ತಟ್ಟೆ ಹಿಡಿದುಕೊಂಡು ಹಿಂದಕ್ಕೆ ಹೋದಳು.

ಬೇಲಿಯ ಸಂದಿಯಲ್ಲಿ ಒಂದು ಚಪ್ಪಲಿ ಬಿದ್ದಿತ್ತು. ಗುಲಾಬಿ ಬಣ್ಣದ್ದು, ಸಣ್ಣದು.

ಆಚೆ ಕೊಯ್ದ ರಾಗಿಯ ಹೊಲ, ಹೊಲದ ನಡುವೆ ರಾಗಿ ಹುಲ್ಲಿನ ಬಣವೆ, ಅದರಾಚೆ ಹಾಲೇಶನ ಬೋರ್‌ವೆಲ್ ಮೋಟಾರಿನ ಪುಟ್ಟ ಮನೆ, ತಗಡಿನ ಬಾಗಿಲಿನದು. ಮೊದಲು ಅವಳಿಗೆ ಏನೂ ಕಾಣಲಿಲ್ಲ. ಆಮೇಲೆ ಬಣವೆಯ ಬುಡ ಅಲುಗಾಡಿದಂತೆ ಕಂಡಿತು. ಹುಲ್ಲಿನ ಬಣ್ಣವೇ ಎದ್ದು ಕೂತ ಹಾಗೆ ಅದು ಅಲ್ಲಿತ್ತು. ಇವಳ ಕಡೆ ನೋಡುತ್ತಿರಲಿಲ್ಲ. ಮೋಟಾರು ಮನೆಯ ಬಾಗಿಲನ್ನೇ ನೋಡುತ್ತಿತ್ತು, ಬಾಲದ ತುದಿ ಮಾತ್ರ ಆ ಕಡೆ ಈ ಕಡೆ ಆಡುತ್ತಿತ್ತು.

ಕೂಗಬೇಕೆಂದು ಬಾಯಿ ತೆರೆದಳು. ದನಿ ಬರಲಿಲ್ಲ. ಸೀರೆ ಒದ್ದೆಯಾದದ್ದು ಅವಳಿಗೇ ಗೊತ್ತಾಗಲಿಲ್ಲ. ಕೈ ತನ್ನಷ್ಟಕ್ಕೆ ಸೌಟಿನಿಂದ ತಟ್ಟೆಯನ್ನು ಬಡಿಯತೊಡಗಿತು. ಬಡಿದಳು, ಬಡಿದಳು, ತಟ್ಟೆ ಡೊಂಕಾಗುವವರೆಗೆ ಬಡಿದಳು. ಚಿರತೆ ತಲೆ ತಿರುಗಿಸಿ ಅವಳನ್ನು ನೋಡಿತು. ಎಷ್ಟು ಹೊತ್ತು ನೋಡಿತೋ. ಆಮೇಲೆ ಎದ್ದು, ಅವಸರವೇ ಇಲ್ಲದೆ, ಹೊಲ ದಾಟಿ ಬಂಡೆಗಳ ಕಡೆ ನಡೆದುಹೋಯಿತು.

ಮೋಟಾರು ಮನೆಯೊಳಗೆ ಓಡಿ ಸೇರಿಕೊಂಡಿದ್ದ ಭುವನಾ ಕಬ್ಬಿಣದ ಪೈಪನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿತ್ತು. ಕಣ್ಣು ತೆರೆದೇ ಇದ್ದವು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎತ್ತಿಕೊಳ್ಳಬೇಕಾಯಿತು. ಮಗು ಅಳಲಿಲ್ಲ, ಮಾತಾಡಲಿಲ್ಲ. ಅದನ್ನು ಸೊಂಟಕ್ಕೇರಿಸಿಕೊಂಡು, ಹಿಂದೆ ತಿರುಗಿ ತಿರುಗಿ ನೋಡುತ್ತ ಹುಲಿಗೆಮ್ಮ ಶಾಲೆಗೆ ಬಂದು ಬೀಗ ತೆಗೆದಳು. ಬೀಗದ ಕೈ ಬೀಗದ ಬಾಯಿಗೆ ಸಿಗಲು ಮೂರು ಸಲ ತಡಕಬೇಕಾಯಿತು.

ಮೇಷ್ಟ್ರಿಗೆ ಫೋನು ಮಾಡಿದಳು. ಸ್ವಿಚ್ ಆಫ್. ಕನಕರಾಜುವಿಗೆ ಮಾಡಿದಳು. ಹತ್ತು ನಿಮಿಷದಲ್ಲಿ ಊರಿಗೆ ಊರೇ ಶಾಲೆಯ ಮುಂದಿತ್ತು.

ಹಾಲೇಶ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷ. ಅಂದು ಸಂಜೆ ಅವನ ಜಗುಲಿಯಲ್ಲಿ ಮಕ್ಕಳ ತಂದೆ ತಾಯಿಯರೆಲ್ಲ ಸೇರಿದರು. ಗುಡ್ಡ ಇದ್ದ ಮೇಲೆ ಚಿರತೆ ಬರುತ್ತದೆ, ಅದನ್ನು ಕೇಳುವವರಾರು. ಮೇಷ್ಟ್ರು ಯಾಕಿರಲಿಲ್ಲ ಎಂಬುದೇ ಎಲ್ಲರ ಪ್ರಶ್ನೆ. ಅಲ್ಲೇ ಅರ್ಜಿ ಬರೆದರು. ಹಾಲೇಶ ಹುಲಿಗೆಮ್ಮನ ಕಡೆ ತಿರುಗಿ, "ಅಕ್ಕ, ಹೋದ ತಿಂಗಳು ಮೇಷ್ಟ್ರು ಎಷ್ಟು ದಿನ ಬಂದಿದ್ರು? ನಿಂಗೇ ಸರಿಯಾಗಿ ಗೊತ್ತಿರೋದು" ಎಂದ.

ಅವಳಿಗೆ ಗೊತ್ತಿತ್ತು. ಮೇಷ್ಟ್ರು ಬಂದ ದಿನ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತಿದ್ದವಳು ಅವಳೇ. ನವೆಂಬರಿನಲ್ಲಿ ಹನ್ನೊಂದು ದಿನ ಹಾಕಿದ್ದಳು. ಆದರೆ ಹಾಲೇಶನ ಕೈಯಲ್ಲಿ ಪೆನ್ನಿತ್ತು.

"ನಂಗೆ ನೆಪ್ಪಿಲ್ಲ ಕಣಪ್ಪ" ಎಂದಳು.

ಹನ್ನೊಂದು ಜನ ಕನಕರಾಜುವಿನ ಆಟೋದಲ್ಲಿ ನಿಂತುಕೊಂಡೇ ಕಡೂರಿಗೆ ಹೋಗಿ ಶಿಕ್ಷಣಾಧಿಕಾರಿಯವರ ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದರು. ಸೋಮವಾರ ಒಬ್ಬ ಅಧಿಕಾರಿ ಊರಿಗೇ ಬಂದು ವಿಚಾರಣೆ ಮಾಡುತ್ತಾರೆಂದು ತಿಳಿಯಿತು.

ಭಾನುವಾರ ಮಧ್ಯಾಹ್ನ ಗುರುಮೂರ್ತಿ ಮೇಷ್ಟ್ರು ಹುಲಿಗೆಮ್ಮನ ಮನೆಗೆ ಬಂದರು. ಸಣ್ಣಬೀರಪ್ಪ ಕುರಿಯ ಹಿಂದೆ ಹೋಗಿದ್ದ. ಮೇಷ್ಟ್ರು ಯಾವತ್ತೂ ಅವಳ ಮನೆ ಮೆಟ್ಟಿಲು ಹತ್ತಿದವರಲ್ಲ. ಚಾಪೆ ಹಾಸಿದಳು, ನೀರು ಕೊಟ್ಟಳು, ತಾನು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವರು ಗದರಿಸಿದ್ದರೆ ಎಷ್ಟೋ ವಾಸಿಯಿತ್ತು. ಮೆಲ್ಲಗೆ ಮಾತಾಡಿದರು.

"ನೋಡಮ್ಮ, ಅರ್ಧಕ್ಕರ್ಧ ದಿನ ನಿಜವಾಗ್ಲೂ ಇಲಾಖೆ ಕೆಲ್ಸಾನೇ. ಒಬ್ಬನೇ ಮೇಷ್ಟ್ರು, ಎಲ್ಲಾ ನನ್ನ ಮೇಲೇ. ಮಿಕ್ಕಿದ್ದು ತಪ್ಪಾಗಿದೆ, ಇಲ್ಲ ಅನ್ನಲ್ಲ. ಮನೆ ಕಟ್ಟಿಸ್ತಿದೀನಿ, ನಿಂತು ನೋಡೋರಿಲ್ಲ. ಅವತ್ತು ಬೆಳಿಗ್ಗೆಯಿಂದ ಇದ್ರು, ಊರೋರು ಬರೋ ಹೊತ್ತಿಗೆ ಮೀಟಿಂಗಿಗೆ ಹೊರಟಿದ್ರು ಅಂತ ಹೇಳ್ಬಿಡು. ಅಷ್ಟೇ ಸಾಕು."

ಹುಲಿಗೆಮ್ಮ ಲೋಟಕ್ಕೆ ಮತ್ತೆ ನೀರು ಹಾಕಿದಳು.

"ಇನ್ನೊಂದು ಮಾತು. ಹತ್ತೊಂಬತ್ತು ಹುಡುಗ್ರ ಸ್ಕೂಲಿದು. ಗಲಾಟೆ ಜಾಸ್ತಿ ಆದ್ರೆ ಮುಚ್ಚಿ ಪಂಚನಹಳ್ಳಿಗೆ ಸೇರಿಸ್ಬಿಡ್ತಾರೆ. ಆಗ ಈ ಮಕ್ಳು ದಿನಾ ಗುಡ್ಡದ ಮಗ್ಗುಲಲ್ಲೇ ನಡ್ಕೊಂಡು ಹೋಗ್ಬೇಕು. ನಿನ್ನ ಅಡ್ಗೆನೂ ಹೋಯ್ತು. ಯೋಚ್ನೆ ಮಾಡು."

ಹೊರಟವರು ಹೆಲ್ಮೆಟ್ ಮರೆತು ಬೈಕಿನ ತನಕ ಹೋಗಿ ತಿರುಗಿ ಬಂದರು. ಅದನ್ನು ಕಂಡು ಅವಳ ಭಯ ಇಮ್ಮಡಿಸಿತು. ಮೇಷ್ಟ್ರೇ ಹೆದರಿದ್ದಾರೆಂದ ಮೇಲೆ ಬರುವವರು ಎಂಥವರಿರಬೇಕು.

ಸೋಮವಾರ ಬಂದವರು ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಕನ್ನಡಕ, ಕೈಯಲ್ಲಿ ಕಡತ. ತಂದೆ ತಾಯಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಆ ದಿನ ಒಳಗೆ ಇದ್ದ ದೊಡ್ಡವಳೆಂದರೆ ಹುಲಿಗೆಮ್ಮ ಒಬ್ಬಳೇ, ಆದ್ದರಿಂದ ಅವಳ ಮಾತೇ ಮುಖ್ಯ. ಮೂಲೆಯ ಕುರ್ಚಿಯಲ್ಲಿ ಗುರುಮೂರ್ತಿ ಕೂತಿದ್ದರು. ಕಿಟಕಿಯ ಹೊರಗೆ ಕನಕರಾಜು, ಹಾಲೇಶ, ಇನ್ನೂ ಹತ್ತು ಜನ.

"ಹೇಳಮ್ಮ, ಮಂಗಳವಾರ ಮೇಷ್ಟ್ರು ಬಂದಿದ್ರಾ?"

ಅಧಿಕಾರಿಯ ಪೆನ್ನು ಕಾಗದದ ಮೇಲೆ ಕಾಯುತ್ತ ನಿಂತಿತು. ಹುಲಿಗೆಮ್ಮ ಆ ಪೆನ್ನನ್ನೇ ನೋಡಿದಳು. ಶಾಲೆಗೆ ಬೀಗ ಬಿದ್ದಂತೆ, ಭುವನಾ ಗುಡ್ಡದ ಮಗ್ಗುಲಲ್ಲಿ ಬ್ಯಾಗು ಹೊತ್ತು ಒಂಟಿಯಾಗಿ ಹೋಗುತ್ತಿದ್ದಂತೆ ಕಣ್ಣಿಗೆ ಕಟ್ಟಿತು.

"ಬಂದಿದ್ರು ಅವ್ವ. ಊರೋರು ಬರೋ ಹೊತ್ಗೆ ಹೊರಟಿದ್ರು."

ಕಿಟಕಿಯ ಹೊರಗೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಬರೆದದ್ದರ ಕೆಳಗೆ ಸಹಿ ಮಾಡು ಎಂದರು. ನಾಲ್ಕು ಅಕ್ಷರ ಬರೆದು ಹೊರಗೆ ಬಂದಳು. ಯಾರೂ ಬೈಯಲಿಲ್ಲ. ಕನಕರಾಜು ಮಾತ್ರ ಅವಳ ಮುಖವನ್ನೇ ನೋಡಿ, ಆಟೋ ಹತ್ತಿ ಹೊರಟುಹೋದ. ಮಾರನೇ ದಿನ ನಲ್ಲಿಯ ಹತ್ತಿರ ಅವಳು ಕೊಡ ಇಟ್ಟಾಗ ಹೆಂಗಸರು ತಮ್ಮ ಕೊಡಗಳನ್ನು ಸ್ವಲ್ಪ ಸರಿಸಿಕೊಂಡರು, ಅಷ್ಟೆ.

ಆ ವಾರ ಮೇಷ್ಟ್ರು ದಿನಾ ಬಂದರು. ಎಲ್ಲ ಸರಿಹೋಯಿತೆಂದು ಹುಲಿಗೆಮ್ಮ ತನಗೆ ತಾನೇ ಹೇಳಿಕೊಳ್ಳತೊಡಗಿದಳು.

ಚಿರತೆ ಬಂದ ದಿನದ ಮೇಲೆ ಭುವನಾ ಗುರುವಾರ ಮೊದಲ ಸಲ ಶಾಲೆಗೆ ಬಂತು. ತಾಯಿ ಕರೆತಂದು ಬಿಟ್ಟುಹೋದಳು. ಅದು ತರಗತಿಗೆ ಹೋಗಲೊಲ್ಲದು. ಮೇಷ್ಟ್ರು ಕರೆದರೆ ಬಾಗಿಲ ಹಿಂದೆ ಅವಿತುಕೊಂಡಿತು. ನೇರ ಅಡುಗೆ ಕೋಣೆಗೆ ಬಂದು ಅಕ್ಕಿ ಮೂಟೆಗೆ ಒರಗಿ ಕೂತಿತು. ಹುಲಿಗೆಮ್ಮ ಒಂದು ಲೋಟ ಹಾಲು ಕೊಟ್ಟಳು. ಮಗು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿತ್ತು. ಬಹಳ ಹೊತ್ತಿನ ಮೇಲೆ ಕೇಳಿತು.

"ಅಜ್ಜಿ, ಅವತ್ತು ನಾನು ಹಿಂದುಕ್ ಹೋದ್ಮೇಲೆ ಮೇಷ್ಟ್ರು ಬಂದು ಸ್ಕೂಲಲ್ಲಿ ಇದ್ರಾ?"

ಹುಲಿಗೆಮ್ಮ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ಯಾರವ್ವ ಹೇಳಿದ್ದು?"

"ನೀನೇ ಹೇಳ್ದಂತೆ. ನಮ್ಮಪ್ಪ ಅಮ್ಮಂಗೆ ಹೇಳ್ತಿತ್ತು."

ಹುಲಿಗೆಮ್ಮ ಈರುಳ್ಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನು ಕೂಗ್ದೆ ಅಜ್ಜಿ. ಮೇಷ್ಟ್ರೇ ಮೇಷ್ಟ್ರೇ ಅಂತ ಕೂಗ್ದೆ. ಎಷ್ಟ್ ಕೂಗಿದ್ರೂ ಬರ್ಲಿಲ್ಲ. ಒಳಗಿದ್ರೆ ಯಾಕೆ ಬರ್ಲಿಲ್ಲ?" ಎಂದಿತು ಮಗು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಕೇಳಿಸ್ಕೊಂಡು ಸುಮ್ನಿದ್ರಾ?" ಎಂದಿತು.

ಚಿರತೆ ಕಂಡಾಗಲೂ ಹುಲಿಗೆಮ್ಮನಿಗೆ ಇಂಥ ಭಯ ಆಗಿರಲಿಲ್ಲ. ಚಿರತೆ ಎದ್ದು ಹೋಗಿತ್ತು. ಇದು ತಾನೇ ತಂದು ಮಗುವಿನ ಎದೆಯೊಳಗೆ ಕೂರಿಸಿದ ಭಯ. ಒಳಗೆ ದೊಡ್ಡವರು ಇದ್ದರು, ಕೂಗಿದ್ದು ಕೇಳಿತು, ಆದರೂ ಬರಲಿಲ್ಲ ಎಂದು ಆ ಕೂಸು ನಂಬಿಕೊಂಡಿತ್ತು. ಇನ್ನು ಅದು ಯಾರನ್ನು ಕೂಗೀತು, ಯಾವತ್ತು ಕೂಗೀತು.

"ಇರ್ಲಿಲ್ಲ ಕಣವ್ವ" ಎಂದಳು. "ಮೇಷ್ಟ್ರು ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ."

"ಯಾಕೆ?"

"ಹೆದ್ರಿಕೆ ಆಯ್ತು."

ಮಗು ಸ್ವಲ್ಪ ಯೋಚಿಸಿ, "ನಂಗೂ" ಎಂದು ಹಾಲು ಕುಡಿಯಿತು.

ಸಂಜೆ ಗಂಡ ಕುರಿ ದೊಡ್ಡಿಗೆ ಹೊಡೆದು ಬಂದಾಗ ಎಲ್ಲ ಹೇಳಿದಳು. ಸಣ್ಣಬೀರಪ್ಪ ಮಾತು ಕಡಿಮೆಯವನು. ದೊಡ್ಡಿಯ ಮುಳ್ಳು ಸರಿಮಾಡುತ್ತ ಕೇಳಿಸಿಕೊಂಡ.

"ನಾಳಿಕ್ ಕಡೂರಿಗೆ ಹೋಗಿ ಹೇಳಿದ್ದು ತಪ್ಪು ಅಂತ ಹೇಳ್ಬೇಕು ಅಂತಿದೀನಿ."

"ಹಿಡ್ದು ಒಳಗಾಕಿದ್ರೆ?"

"ಗೊತ್ತಿಲ್ಲ."

"ಕುರಿ ಬಿಟ್ಟು ನಾನೂ ಬರ್ಲಾ?"

"ಕುರೀನ ಯಾರು ನೋಡ್ಕಂತಾರೆ. ಬ್ಯಾಡ."

ಅವನು ಮುಳ್ಳು ಕೆಳಗಿಟ್ಟು, "ಸಹಿ ಹಾಕೋಕ್ ಮುಂಚೆ ಓದಿಸ್ಕೋ" ಎಂದ.

ಶುಕ್ರವಾರ ಬೆಳಿಗ್ಗೆ ಅಡುಗೆಗೆ ಪಕ್ಕದ ಮನೆಯ ಕೆಂಚಮ್ಮನನ್ನು ಒಪ್ಪಿಸಿ, ಪಂಚನಹಳ್ಳಿಯವರೆಗೆ ನಡೆದು ಬಸ್ಸು ಹತ್ತಿದಳು. ಕಡೂರಿಗೆ ಅವಳು ಒಬ್ಬಳೇ ಬಂದದ್ದು ಅದೇ ಮೊದಲು. ಬಂದಾಗಲೆಲ್ಲ ಗಂಡನ ಬೆನ್ನು ನೋಡಿಕೊಂಡು ನಡೆದವಳು. ಕಚೇರಿಯನ್ನು ಮೂರು ಕಡೆ ಕೇಳಿ ಹುಡುಕಿದಳು. ಒಳಗೆ ಹೋಗದೆ ಮೆಟ್ಟಿಲ ಪಕ್ಕದಲ್ಲಿ ಕೂತಳು. ಪ್ಯಾಂಟು ಹಾಕಿದವರು, ಫೈಲು ಹಿಡಿದವರು ಹತ್ತಿಳಿಯುತ್ತಿದ್ದರು. ಯಾರಾದರೂ ತನ್ನ ಕಡೆ ನೋಡಿದರೆ ಸೆರಗು ಎಳೆದುಕೊಳ್ಳುತ್ತಿದ್ದಳು. ಎರಡು ಸಲ ಎದ್ದು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು. ಎರಡು ಸಲವೂ ಗೇಟಿನವರೆಗೆ ಹೋಗಿ ತಿರುಗಿ ಬಂದಳು. ಬೆಳಗಿನಿಂದ ಒಂದು ತುತ್ತೂ ಇಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜವಾನನೊಬ್ಬ, "ಯಾರು ಬೇಕಮ್ಮ, ಬೆಳಿಗ್ಗೆಯಿಂದ ಕೂತಿದೀಯಾ" ಎಂದ.

"ಸೂಜಿಕಲ್ಲುಹಟ್ಟಿಗೆ ಬಂದಿದ್ರಲ್ಲ, ಕನ್ನಡಕದ ಅವ್ವ."

ಅವನೇ ಕರೆದುಕೊಂಡು ಹೋಗಿ ಮೇಜಿನ ಮುಂದೆ ನಿಲ್ಲಿಸಿದ. ಅಧಿಕಾರಿ ತಲೆಯೆತ್ತಿ ಗುರುತು ಹಿಡಿದರು.

"ಏನಮ್ಮ ಇಷ್ಟು ದೂರ?"

ಹುಲಿಗೆಮ್ಮ ಮೇಜಿನ ಅಂಚು ಹಿಡಿದುಕೊಂಡಳು. "ಅವತ್ತು ಮೇಷ್ಟ್ರು ಬಂದಿರ್ಲಿಲ್ಲ ಅವ್ವ. ನಾನು ಸುಳ್ಳು ಹೇಳಿದ್ದು. ಅದ್ರ ಹಿಂದಿನ ದಿನಾನೂ ಬಂದಿರ್ಲಿಲ್ಲ. ನಾನೊಬ್ಳೇ ಇದ್ದೆ. ಹುಡುಗ್ರನ್ನ ಒಳಗಾಕಿ ಬೀಗ ಹಾಕಿ ಹೋಗಿದ್ದು ನಾನೇ."

ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅಧಿಕಾರಿ ಕನ್ನಡಕ ತೆಗೆದಿಟ್ಟರು.

"ಸುಳ್ಳು ಹೇಳಿಕೆಗೆ ಸಹಿ ಹಾಕೋದು ತಪ್ಪು ಅಂತ ಗೊತ್ತಾ? ನಿನ್ನ ಮೇಲೂ ಕ್ರಮ ತಗೋಬಹುದು."

"ಗೊತ್ತು ಅವ್ವ. ಅದಕ್ಕೇ ಬೆಳಿಗ್ಗೆಯಿಂದ ಮೆಟ್ಲತ್ರ ಕೂತಿದ್ದೆ."

"ಯಾರಾದ್ರೂ ಹೆದರಿಸಿದ್ರಾ?"

"ಸ್ಕೂಲು ಮುಚ್ತಾರೆ ಅಂದ್ರು. ಮುಚ್ಚಿದ್ರೆ ಹುಡುಗ್ರು ಗುಡ್ಡದ ಕೆಳಗೆ ನಡೀಬೇಕು. ಅದಕ್ಕೇ ಹೆದ್ರಿಕೊಂಡೆ."

ಅಧಿಕಾರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊಸ ಕಾಗದ ತೆಗೆದುಕೊಂಡರು. ಹೋದ ತಿಂಗಳು ಎಷ್ಟು ದಿನ ಬಂದಿದ್ದರು ಎಂದು ಕೇಳಿದರು. "ಹನ್ನೊಂದು" ಎಂದಳು. ಅದು ಹೇಗೆ ಅಷ್ಟು ಖಚಿತ ಎಂದಾಗ ಹಿಡಿ ಅಕ್ಕಿಯ ಲೆಕ್ಕ ಹೇಳಿದಳು. ಅಧಿಕಾರಿ ಎಲ್ಲ ದಿನಕ್ಕೂ ಮೇಷ್ಟ್ರ ಸಹಿಯಿದ್ದ ಹಾಜರಿ ಪುಸ್ತಕದ ಪ್ರತಿಯನ್ನು ತಿರುವಿ ನೋಡಿ, ತುಟಿ ಬಿಗಿದುಕೊಂಡು ಬರೆದರು. ಬರೆದು ಅವಳ ಮುಂದೆ ತಳ್ಳಿದರು.

ಹುಲಿಗೆಮ್ಮ ಪೆನ್ನು ಮುಟ್ಟಲಿಲ್ಲ.

"ಓದಿ ಹೇಳಿ ಅವ್ವ."

"ನೀನು ಹೇಳಿದ್ದನ್ನೇ ಬರೆದಿದೀನಿ."

"ಆದ್ರೂ ಓದಿ ಹೇಳಿ."

ಅಧಿಕಾರಿ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಮೊದಲಿನಿಂದ ಕೊನೆಯವರೆಗೆ, ನಿಧಾನವಾಗಿ, ಓದಿ ಹೇಳಿದರು. ಒಂದು ಕಡೆ ಹುಲಿಗೆಮ್ಮ, "ಅಲ್ಲ, ಚಪ್ಪಲಿ ಬೇಲೀಲಿತ್ತು, ಹೊಲದಲ್ಲಲ್ಲ" ಎಂದಳು. ಅದನ್ನು ತಿದ್ದಿದ ಮೇಲೆ ಸಹಿ ಹಾಕಿದಳು.

ಮುಂದಿನ ದಿನಗಳು ಸುಖದವಾಗಿರಲಿಲ್ಲ. ಗುರುಮೂರ್ತಿಯವರಿಗೆ ನೋಟಿಸು ಬಂತು, ಆಮೇಲೆ ಅವರನ್ನು ಬೇರೆ ಶಾಲೆಗೆ ಹಾಕಿದರು. ಹೋಗುವ ದಿನ ಅವರು ಅಡುಗೆ ಕೋಣೆಯ ಕಡೆ ತಲೆ ಹಾಕಲಿಲ್ಲ. ಹುಲಿಗೆಮ್ಮನಿಗೂ ಒಂದು ಎಚ್ಚರಿಕೆಯ ಕಾಗದ ಬಂತು. ಕೃತಿಕಾಳ ಕೈಯಲ್ಲಿ ಅದನ್ನು ಎರಡು ಸಲ ಓದಿಸಿ, ಕೆಲಸದಿಂದ ತೆಗೆದಿಲ್ಲವೆಂದು ಗೊತ್ತಾದ ಮೇಲೆ ಮಡಿಸಿ ಇಟ್ಟಳು. ಮೇಷ್ಟ್ರ ಜಾಗಕ್ಕೆ ಮಾತ್ರ ಎರಡು ವಾರ ಯಾರೂ ಬರಲಿಲ್ಲ. ಇದ್ದೊಬ್ಬ ಮೇಷ್ಟ್ರನ್ನೂ ಕಳೆದುಕೊಂಡೆವೇ ಎಂದು ಊರಿನವರೇ ಗಾಬರಿಯಾದರು. ಮೂರು ಮನೆಯವರು ಮಕ್ಕಳನ್ನು ಪಂಚನಹಳ್ಳಿಯ ಖಾಸಗಿ ಶಾಲೆಗೆ ವ್ಯಾನಿನಲ್ಲಿ ಕಳಿಸತೊಡಗಿದರು. ಹತ್ತೊಂಬತ್ತು ಹೋಗಿ ಹದಿನಾರಾಯಿತು. ಹದಿನಾರಕ್ಕೆ ಶಾಲೆ ಉಳಿದೀತೇ ಎಂದು ಹುಲಿಗೆಮ್ಮ ದಿನಾ ಸಾಂಬಾರು ಕದಡುತ್ತ ಯೋಚಿಸುತ್ತಿದ್ದಳು.

ಆ ಎರಡು ವಾರ ತಂದೆ ತಾಯಿಯರು ಸರದಿ ಹಾಕಿಕೊಂಡರು. ದಿನಕ್ಕಿಬ್ಬರು ಬಂದು ಶಾಲೆಯಲ್ಲಿ ಕೂತರು. ಮೊದಲ ದಿನದ ಸರದಿ ಕನಕರಾಜುವಿನದು. ಅವನು ಅಡುಗೆ ಕೋಣೆಯ ಬಾಗಿಲಿಗೆ ಬಂದು, "ಅತ್ತೆ, ಸೌದೆ ಗಿವ್ದೆ ಏನಾರ ಬೇಕಾ?" ಎಂದ. ಗ್ಯಾಸಿನ ಒಲೆಗೆ ಸೌದೆ ಯಾಕೆ ಎಂದು ಅವಳು ಕೇಳಲಿಲ್ಲ. "ಕೂತ್ಕೋ, ಹಾಲು ಕುಡಿ" ಎಂದಳು.

ಆಮೇಲೆ ಓಂಕಾರೇಶ್ ಎಂಬ ಅತಿಥಿ ಶಿಕ್ಷಕ ಬಂದ. ಅಜ್ಜಂಪುರ ಕಡೆಯ ಹುಡುಗ, ಪಂಚನಹಳ್ಳಿಯಲ್ಲೇ ರೂಮು ಮಾಡಿದ. ಬಂದ ವಾರವೇ ಹಾಲೇಶನನ್ನು ಬೆನ್ನುಹತ್ತಿ ಶೌಚಾಲಯದ ಮೋಟಾರು ರಿಪೇರಿ ಮಾಡಿಸಿದ. ಭುವನಾ ಹತ್ತು ದಿನ ಅಡುಗೆ ಕೋಣೆಯಲ್ಲೇ ಕೂತು ಪಾಠ ಕೇಳಿತು. ಹನ್ನೊಂದನೇ ದಿನ ತರಗತಿಯ ಬಾಗಿಲ ಪಕ್ಕಕ್ಕೆ ಹೋಗಿ ಕೂತಿತು. ಒಳಗೆ ಬಾ ಎಂದು ಓಂಕಾರೇಶ್ ಒತ್ತಾಯ ಮಾಡಲಿಲ್ಲ. ಅರಣ್ಯ ಇಲಾಖೆಯವರು ಬೋನು ತಂದಿಟ್ಟು ಜನವರಿಯಲ್ಲಿ ಒಂದು ಹೆಣ್ಣು ಚಿರತೆಯನ್ನು ಹಿಡಿದರು. ಬೋನು ಮಾತ್ರ ಅಲ್ಲೇ ಬಿಟ್ಟು ಹೋದರು. ಯಾಕೆ ಬಿಟ್ಟಿರಿ ಎಂದು ಸಣ್ಣಬೀರಪ್ಪ ಕೇಳಿದ್ದಕ್ಕೆ, "ಇರ್ಲಿ ಬಿಡಿ, ಒಳ್ಳೇದು" ಎಂದರಂತೆ.

ಮಾರ್ಚಿನಲ್ಲಿ ಮಗಳ ಮನೆಗೆ ಹೋಗಿ ಬರುವಾಗ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಹುಲಿಗೆಮ್ಮ ಗುರುಮೂರ್ತಿಯವರನ್ನು ಕಂಡಳು. ಕೈಯಲ್ಲಿ ಹೆಲ್ಮೆಟ್ ಹಿಡಿದು ಯಾರಿಗೋ ಕಾಯುತ್ತಿದ್ದರು. ಸ್ವಲ್ಪ ಇಳಿದುಹೋಗಿದ್ದರು. ಅವಳು ತಪ್ಪಿಸಿಕೊಳ್ಳುವ ಮೊದಲೇ ಅವರೂ ನೋಡಿದರು.

"ಚೆನ್ನಾಗಿದೀಯಾ ಹುಲಿಗೆಮ್ಮ?"

ಆ ದನಿಯಲ್ಲಿ ಸಿಟ್ಟಿತ್ತೋ, ಮುನಿಸಿತ್ತೋ, ಬರೀ ವಿಚಾರಿಸುವಿಕೆಯೋ ಅವಳಿಗೆ ತಿಳಿಯಲಿಲ್ಲ. ಎದೆ ಮಾತ್ರ ಮೊದಲಿನ ಹಾಗೆಯೇ ಧಸಕ್ಕೆಂದಿತು. "ಹೂಂ ಸಾ" ಎಂದಳೋ ಇಲ್ಲವೋ, ಎದುರಿಗೆ ನಿಂತಿದ್ದ ಬಸ್ಸನ್ನು ಹತ್ತಿ ಕೊನೆಯ ಸೀಟಿನಲ್ಲಿ ಕೂತುಬಿಟ್ಟಳು. ಬಸ್ಸು ಹೊರಟಿತು. ಕಂಡಕ್ಟರು ಬಂದು ಆಧಾರ್ ಕಾರ್ಡು ನೋಡಿ, "ಎಲ್ಲಿಗಮ್ಮ?" ಎಂದ.

"ಪಂಚನಹಳ್ಳಿ."

"ಇದು ಬೀರೂರಿಗೆ ಹೋಗೋದು."

ಹುಲಿಗೆಮ್ಮ ಕಿಟಕಿಯಿಂದ ಹೊರಗೆ ನೋಡಿದಳು. ಕಡೂರು ಹಿಂದೆ ಬಿದ್ದಿತ್ತು. "ಹೋಗ್ಲಿ ಬಿಡಪ್ಪ, ಬೀರೂರಲ್ಲೇ ಇಳಿದು ಇನ್ನೊಂದು ಹತ್ತುತೀನಿ" ಎಂದು ಚೀಲವನ್ನು ಮಡಿಲಿಗೆ ಎಳೆದುಕೊಂಡಳು.